ಟೋಕಿಯೊ 1ನೇ ಕ್ಷೇತ್ರ: ಹತ್ತು ಚುನಾವಣೆ, ಐದು ಗೆಲುವು, ಐದು ಸೋಲು

ಮತಪೆಟ್ಟಿಗೆ:

ಜಪಾನ್ ರಾಜಕೀಯ ಅಂದರೆ ನಮ್ಮ ಪತ್ರಿಕೆಗಳಲ್ಲಿ ಬರುವುದು ಪ್ರಧಾನಿ ಬದಲಾದ ಸುದ್ದಿ ಮಾತ್ರ. ಒಂದು ಕ್ಷೇತ್ರದ ಮಟ್ಟಕ್ಕೆ ಇಳಿದು ನೋಡಿದರೆ ಕಥೆ ಎಷ್ಟು ಚೆನ್ನಾಗಿದೆ ಅಂತ ಹೇಳೋಕೆ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಕ್ಷೇತ್ರ ಟೋಕಿಯೊ 1. ನಗರದ ನಟ್ಟನಡುವೆ ಇದೆ. 1996ರಲ್ಲಿ ಚಿಯೊಡಾ, ಮಿನಾಟೊ, ಶಿಂಜುಕು ಎಂಬ ಮೂರು ವಾರ್ಡುಗಳು ಸೇರಿ ಆಗಿದ್ದು. ವಾರ್ಡು ಅಂದರೆ ನಮ್ಮ ಪಾಲಿಕೆ ವಾರ್ಡಿನಷ್ಟು ಚಿಕ್ಕದಲ್ಲ. ಒಂದೊಂದಕ್ಕೂ ಸ್ವಂತ ಮೇಯರ್ ಇರುತ್ತಾರೆ. ಚಕ್ರವರ್ತಿಯ ಅರಮನೆ, ಸಂಸತ್ ಭವನ, ಸುಪ್ರೀಂ ಕೋರ್ಟ್, ಸಚಿವಾಲಯಗಳು ಎಲ್ಲಾ ಇದೇ ಕ್ಷೇತ್ರದಲ್ಲಿವೆ. ಅದರ ಜೊತೆಗೆ ಕಬುಕಿಚೊದ ಬಾರುಗಳು, ಶಿನ್‌ಒಕುಬೊದ ಕೊರಿಯನ್ ಅಂಗಡಿಗಳು, ವಾಸೆಡಾ ವಿಶ್ವವಿದ್ಯಾಲಯ ಕೂಡ.

ಒಂದು ಕ್ಷೇತ್ರಕ್ಕೆ ಒಬ್ಬನೇ ಸಂಸದ ಎಂಬ ಈಗಿನ ಪದ್ಧತಿ ಅಲ್ಲಿ ಬಂದಿದ್ದು 1994ರ ಕಾನೂನಿನಿಂದ. ಮೊದಲ ಚುನಾವಣೆ 1996ರಲ್ಲಿ ನಡೆಯಿತು. ಅಲ್ಲಿಂದ 2024ರವರೆಗೆ ಕೆಳಮನೆಗೆ ಹತ್ತು ಚುನಾವಣೆ ಆಗಿವೆ. ಹತ್ತಕ್ಕೆ ಹತ್ತರಲ್ಲೂ ಟೋಕಿಯೊ 1ರಿಂದ ಬನ್ರಿ ಕೈಯೆಡಾ ನಿಂತಿದ್ದಾರೆ. 1996ರಲ್ಲಿ ಸೋತರು. 2000 ಮತ್ತು 2003ರಲ್ಲಿ ಗೆದ್ದರು. 2005ರಲ್ಲಿ ಸೋತರು. 2009ರಲ್ಲಿ ಗೆದ್ದರು. 2012, 2014 ಎರಡರಲ್ಲೂ ಸೋತರು. 2017ರಲ್ಲಿ ಗೆದ್ದರು, 2021ರಲ್ಲಿ ಸೋತರು, 2024ರಲ್ಲಿ ಮತ್ತೆ ಗೆದ್ದರು. ಲೆಕ್ಕ ಹಾಕಿ, ಐದು ಐದು ಸಮ ಸಮ!

ಎದುರಾಳಿಗಳು ಇಬ್ಬರು. ಮೊದಲ ಐದು ಸಲ ಕಾವೊರು ಯೊಸಾನೊ. ಆಮೇಲಿನ ಐದು ಸಲ ಮಿಕಿ ಯಮಡಾ. ಇಬ್ಬರೂ ಲಿಬರಲ್ ಡೆಮಾಕ್ರಟಿಕ್ ಪಕ್ಷದವರು, ಅಂದರೆ 1955ರಿಂದ ಹೆಚ್ಚುಕಡಿಮೆ ಪೂರ್ತಿ ಕಾಲ ದೇಶ ಆಳಿದ ಪಕ್ಷದವರು. ಯೊಸಾನೊ ವಿರುದ್ಧ ಕೈಯೆಡಾ 3-2ರಿಂದ ಮುಂದೆ. ಯಮಡಾ ವಿರುದ್ಧ 2-3ರಿಂದ ಹಿಂದೆ.

ಒಂದೇ ಊರಿನ ಮತದಾರರು ಸುಮಾರು ಮೂರು ದಶಕ ಒಬ್ಬ ಮನುಷ್ಯನನ್ನು ಪೂರ್ತಿ ಒಪ್ಪಿಕೊಳ್ಳಲೂ ಇಲ್ಲ, ಪೂರ್ತಿ ಕೈಬಿಡಲೂ ಇಲ್ಲ. ನನಗೆ ಹಿಡಿಸಿದ್ದು ಇದೇ. ನೀವೆಲ್ಲ ಏನು ಹೇಳ್ತೀರಿ?

ಕಾಫಿತೋಟ:

ಸಾರ್, ಚೆನ್ನಾಗಿದೆ. ಒಂದು ಅನುಮಾನ. ಕೈಯೆಡಾ 2012ರಲ್ಲಿ ಸೋತರು ಅಂತ ಬರೆದಿದ್ದೀರಿ. ಆದರೆ ಅದೇ ಡಿಸೆಂಬರಿನಲ್ಲಿ ಅವರು ತಮ್ಮ ಡೆಮಾಕ್ರಟಿಕ್ ಪಕ್ಷದ (ಲಿಬರಲ್ ಡೆಮಾಕ್ರಟಿಕ್ ಅಲ್ಲ, ಅದರ ಎದುರಾಳಿ ಪಕ್ಷ) ಅಧ್ಯಕ್ಷರಾಗಿ, ಸಂಸತ್ತಿನಲ್ಲಿ ವಿರೋಧ ಪಕ್ಷದ ನಾಯಕರಾಗಿ ಕೂತಿದ್ದರಲ್ವಾ? ಸೋತವರು ಒಳಗೆ ಹೋಗಿದ್ದು ಹೇಗೆ?

ಮತಪೆಟ್ಟಿಗೆ:

ಈ ಕ್ಷೇತ್ರದ ಕಥೆ ಅರ್ಥ ಆಗಬೇಕಾದರೆ ಮೊದಲು ಅದೇ ಗೊತ್ತಾಗಬೇಕು. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಲ್ಲಿ ಮತದಾರನಿಗೆ ಎರಡು ಮತಪತ್ರ ಸಿಗುತ್ತವೆ. ಒಂದರಲ್ಲಿ ಕ್ಷೇತ್ರದ ಅಭ್ಯರ್ಥಿಗೆ ಮತ, ಇನ್ನೊಂದರಲ್ಲಿ ಪಕ್ಷಕ್ಕೆ ಮತ. ಪಕ್ಷದ ಮತಗಳನ್ನು ಇಡೀ ಪ್ರದೇಶಕ್ಕೆ ಒಟ್ಟಿಗೆ ಎಣಿಸಿ, ಪಾಲಿಗೆ ತಕ್ಕಂತೆ ಸೀಟು ಹಂಚುತ್ತಾರೆ. ಟೋಕಿಯೊ ತಾನೇ ಒಂದು ಪ್ರದೇಶ. ಅದಕ್ಕೆ 2000ದಿಂದ 2021ರವರೆಗೆ ಇಂಥ 17 ಸೀಟು ಇದ್ದವು, ಈಗ 19.

ಒಬ್ಬ ಅಭ್ಯರ್ಥಿ ಕ್ಷೇತ್ರದಲ್ಲೂ ನಿಲ್ಲಬಹುದು, ಪಕ್ಷದ ಪಟ್ಟಿಯಲ್ಲೂ ಇರಬಹುದು. ಪಕ್ಷಗಳು ಹೀಗೆ ಎರಡೂ ಕಡೆ ಇರುವವರನ್ನು ಸಾಮಾನ್ಯವಾಗಿ ಪಟ್ಟಿಯಲ್ಲಿ ಒಂದೇ ಸ್ಥಾನಕ್ಕೆ ಹಾಕುತ್ತವೆ. ಕ್ಷೇತ್ರದಲ್ಲಿ ಸೋತವರ ಪೈಕಿ ಯಾರಿಗೆ ಪಟ್ಟಿಯ ಸೀಟು ಕೊಡಬೇಕು? ಸೋತವರ ಮತವನ್ನು ಗೆದ್ದವರ ಮತದಿಂದ ಭಾಗಿಸಿ ಶೇಕಡಾ ತೆಗೆಯುತ್ತಾರೆ. ಶೇಕಡಾ ಜಾಸ್ತಿ ಇದ್ದವರಿಗೆ ಮೊದಲು ಸೀಟು.

2012ರ ಟೋಕಿಯೊ 1 ತೆಗೆದುಕೊಳ್ಳಿ. ಯಮಡಾ 82,013. ಕೈಯೆಡಾ 80,879. ಅಂತರ ಬರೀ 1,134. ಭಾಗಿಸಿದರೆ 98.6 ಶೇಕಡಾ. ಹೀಗಾಗಿ ಸೋತ ರಾತ್ರಿಯೇ ಅವರು ಪಟ್ಟಿಯ ಮೂಲಕ ಸಂಸದರಾದರು. ಪ್ರಧಾನಿ ನೊಡಾ ಸೋಲಿನ ಹೊಣೆ ಹೊತ್ತು ಪಕ್ಷದ ನಾಯಕತ್ವ ಬಿಟ್ಟರು, ಆ ಜಾಗಕ್ಕೆ ಕೈಯೆಡಾ ಬಂದರು.

ಇದೇ ಲೆಕ್ಕದಲ್ಲಿ 2003ರಲ್ಲಿ ಯೊಸಾನೊ ಬಚಾವಾದರು. ಕೈಯೆಡಾ 1,05,222, ಯೊಸಾನೊ 1,03,785. ಅದೂ 98.6 ಶೇಕಡಾ. 2009ರಲ್ಲೂ ಯೊಸಾನೊ ಸೋತು ಪಟ್ಟಿಯಿಂದ ಬಂದರು. ಆದರೆ 2000ದಲ್ಲಿ ಸೋತಾಗ ಯೊಸಾನೊ ಪೂರ್ತಿ ಹೊರಗೆ. 2005ರಲ್ಲಿ ಸೋತಾಗ ಕೈಯೆಡಾ ನಾಲ್ಕು ವರ್ಷ ಹೊರಗೆ.

ಪೇಡಾನಗರಿ:

ನಾನು ಇದನ್ನು ಒಪ್ಪುವುದಿಲ್ಲ. ಜನ ನಿಮ್ಮನ್ನು ಬೇಡ ಅಂದರು, ನೀವು ಹಿಂದಿನ ಬಾಗಿಲಿಂದ ಒಳಗೆ ಬಂದಿರಿ. ಮತಕ್ಕೆ ಬೆಲೆ ಏನು ಉಳಿಯಿತು? 2021ರ ಫಲಿತಾಂಶ ನೋಡಿ. ಯಮಡಾ 99,133 ಮತ ಪಡೆದು ಗೆದ್ದರು. ಕೈಯೆಡಾ 90,043, ಎರಡನೇ ಸ್ಥಾನ. ಇಶಿನ್ ಪಕ್ಷದ ತೈಸುಕೆ ಒನೊ 60,230, ಮೂರನೇ ಸ್ಥಾನ. ಮೂವರೂ ಸಂಸದರಾದರು! ಗೆದ್ದವರಿಗೆ ಅರುವತ್ತು ಶೇಕಡಾ ಮತ ಪಡೆದವರೂ ಗೆದ್ದ ಹಾಗೇ ಆಯಿತು. ಅಷ್ಟೇ ಅಲ್ಲ, ಸೋತ ಕೈಯೆಡಾ ಕೆಳಮನೆಯ ಉಪ ಸ್ಪೀಕರ್ ಆದರು.

ಒಂದು ಕ್ಷೇತ್ರಕ್ಕೆ ಮೂವರು ಸಂಸದರು, ಪಕ್ಕದ ಕ್ಷೇತ್ರಕ್ಕೆ ಒಬ್ಬರೇ. ಇದು ಯಾವ ನ್ಯಾಯ?

ಮತಪೆಟ್ಟಿಗೆ:

ಮೇಡಂ, ನಿಮ್ಮ ಸಿಟ್ಟು ಅಲ್ಲಿನ ಎಷ್ಟೋ ಮತದಾರರಿಗೂ ಇದೆ. ಇಂಥವರನ್ನು ಜೊಂಬಿ ಸಂಸದರು ಅಂತಲೇ ಅಲ್ಲಿನ ಜನ, ಪತ್ರಿಕೆಗಳು ಕರೆಯುತ್ತವೆ.

ಆದರೆ ನನ್ನ ಮಾತು ಸ್ವಲ್ಪ ಬೇರೆ. 1,134 ಮತದಿಂದ ಸೋತವನ ಹಿಂದೆ ಎಂಬತ್ತು ಸಾವಿರ ಜನ ಇದ್ದರು. ಅವರ ಮತವನ್ನು ಕಸದಬುಟ್ಟಿಗೆ ಹಾಕೋದು ಕೂಡ ನ್ಯಾಯ ಅಲ್ಲ. ಇನ್ನೊಂದು, ಬಚಾವಾದವರೂ ಊರು ಬಿಟ್ಟು ಹೋಗೋದಿಲ್ಲ. ಇಬ್ಬರೂ ಅದೇ ಬೀದಿಗಳಲ್ಲಿ ಓಡಾಡಬೇಕು, ಮುಂದಿನ ಸಲ ಅಲ್ಲೇ ಮತ ಕೇಳಬೇಕು. ಟೋಕಿಯೊ 1ರಲ್ಲಿ ಪೈಪೋಟಿ ಇಷ್ಟು ವರ್ಷ ಜೀವಂತ ಉಳಿದಿದ್ದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

ನಿಶಿಕಸಾಯಿ ನಿವಾಸಿ:

ನಾನು ಟೋಕಿಯೊದಲ್ಲೇ ಇದ್ದೇನೆ. ಮನೆ ಎಡೊಗಾವಾ ವಾರ್ಡಿನಲ್ಲಿ, ಭಾರತೀಯರು ಜಾಸ್ತಿ ಇರುವ ಕಡೆ. ಕೆಲಸ ಶಿಂಜುಕುವಿನಲ್ಲಿ. ನಮಗೆ ಮತ ಇಲ್ಲ. ಆದರೂ ಚುನಾವಣೆ ಬಂದರೆ ಕಣ್ಣಿಗೆ ಬೀಳೋದು ಬೇಕಾದಷ್ಟಿದೆ, ಅದನ್ನು ಹೇಳುತ್ತೇನೆ.

ಪ್ರಚಾರ ಅಧಿಕೃತವಾಗಿ ಹನ್ನೆರಡೇ ದಿನ. ಮನೆ ಮನೆಗೆ ಹೋಗಿ ಮತ ಕೇಳುವ ಹಾಗಿಲ್ಲ, ಕಾನೂನೇ ನಿಷೇಧಿಸಿದೆ. ಅದಕ್ಕೇ ಅಭ್ಯರ್ಥಿಗಳು ರೈಲು ನಿಲ್ದಾಣದ ಮುಂದೆ ನಿಂತು ಕೈಮುಗಿದ ಹಾಗೆ ತಲೆಬಾಗಿಸುತ್ತಾರೆ. ಧ್ವನಿವರ್ಧಕ ಕಟ್ಟಿದ ವ್ಯಾನು ಹೆಸರನ್ನೇ ಮತ್ತೆ ಮತ್ತೆ ಕೂಗುತ್ತಾ ಸುತ್ತುತ್ತದೆ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಹೆಸರನ್ನೇ ಯಾಕೆ ಕೂಗೋದು ಅಂದರೆ, ಮತಪತ್ರದಲ್ಲಿ ಚಿಹ್ನೆಯೂ ಇಲ್ಲ, ಹೆಸರೂ ಅಚ್ಚಾಗಿಲ್ಲ. ಖಾಲಿ ಚೌಕದಲ್ಲಿ ಮತದಾರನೇ ಪೆನ್ಸಿಲಿನಿಂದ ಅಭ್ಯರ್ಥಿಯ ಹೆಸರು ಬರೆಯಬೇಕು. ಹೆಸರಿನ ಜೊತೆ ಬೇರೆ ಏನಾದರೂ ಗೀಚಿದರೆ ಮತ ಅಸಿಂಧು ಆಗಬಹುದು.

ಇದರಿಂದಲೇ ಅಭ್ಯರ್ಥಿಗಳು ತಮ್ಮ ಹೆಸರಿನ ಕಷ್ಟದ ಅಕ್ಷರಗಳನ್ನು ಬಿಟ್ಟು, ಮಕ್ಕಳೂ ಓದುವ ಸುಲಭದ ಲಿಪಿಯಲ್ಲಿ ಪೋಸ್ಟರ್ ಹಾಕಿಸುತ್ತಾರೆ. ಕೈಯೆಡಾ ಕೂಡ ಮನೆತನದ ಹೆಸರನ್ನು ಹಾಗೇ ಬರೆಸುತ್ತಾರೆ. ಪೋಸ್ಟರನ್ನೂ ಎಲ್ಲೆಂದರಲ್ಲಿ ಅಂಟಿಸುವ ಹಾಗಿಲ್ಲ. ಪಾರ್ಕಿನ ಪಕ್ಕ, ಶಾಲೆಯ ಬೇಲಿಗೆ ಒಂದು ಹಲಗೆ ನಿಲ್ಲಿಸಿ, ಅದರಲ್ಲಿ ನಂಬರ್ ಹಾಕಿದ ಚೌಕಗಳು. ಒಬ್ಬರಿಗೆ ಒಂದು ಚೌಕ.

ಮತಪತ್ರದ ಕಾಗದ ನನಗೆ ತುಂಬಾ ಇಷ್ಟವಾದ ವಿಷಯ. ಅದು ಪ್ಲಾಸ್ಟಿಕ್ ಮೂಲದ ಒಂದು ಹಾಳೆ. ಮಡಚಿ ಪೆಟ್ಟಿಗೆಗೆ ಹಾಕಿದರೆ ಒಳಗೆ ತಾನೇ ಬಿಚ್ಚಿಕೊಳ್ಳುತ್ತದೆ. ಎಣಿಸುವವರು ಒಂದೊಂದನ್ನೇ ಬಿಡಿಸುತ್ತಾ ಕೂರಬೇಕಿಲ್ಲ. ಕೈಯಲ್ಲಿ ಬರೆದ ಮತಗಳಾದರೂ ಅದೇ ರಾತ್ರಿ ಹೆಚ್ಚಿನ ಫಲಿತಾಂಶ ಬರೋದಕ್ಕೆ ಇದೂ ಒಂದು ಕಾರಣ.

ಕಾಫಿತೋಟ:

ಒಂದೇ ಹೆಸರಿನ ಇಬ್ಬರು ನಿಂತರೆ ಏನು ಗತಿ? ನಮ್ಮಲ್ಲಿ ಬೇಕಂತಲೇ ಅದೇ ಹೆಸರಿನವರನ್ನು ನಿಲ್ಲಿಸುತ್ತಾರಲ್ಲ.

ನಿಶಿಕಸಾಯಿ ನಿವಾಸಿ:

ಇಬ್ಬರಲ್ಲಿ ಯಾರಿಗೆ ಅಂತ ಗೊತ್ತಾಗದ ಮತಗಳನ್ನು, ಅವರಿಗೆ ಖಚಿತವಾಗಿ ಬಂದ ಮತಗಳ ಪ್ರಮಾಣದಲ್ಲೇ ಹಂಚಿಬಿಡುತ್ತಾರೆ. ಅದಕ್ಕೇ ಅಲ್ಲಿನ ಫಲಿತಾಂಶದ ಪಟ್ಟಿಯಲ್ಲಿ ಕೆಲವು ಸಲ ದಶಮಾಂಶ ಮತಗಳೂ ಕಾಣುತ್ತವೆ.

ಹಳೇಕಡತ:

ಎಲ್ಲರೂ 1996ರಿಂದ ಶುರು ಮಾಡಿದ್ದೀರಿ. ಟೋಕಿಯೊ 1 ಎಂಬ ಹೆಸರು ಅದಕ್ಕಿಂತ ಬಹಳ ಹಳೆಯದು. ಆಗ ಒಂದು ಕ್ಷೇತ್ರದಿಂದ ಸಾಮಾನ್ಯವಾಗಿ ಮೂರರಿಂದ ಐದು ಜನ ಆರಿಸಿ ಬರುತ್ತಿದ್ದರು. ಮತದಾರನಿಗೆ ಒಂದೇ ಮತ.

ಯುದ್ಧದ ನಂತರದ ಆ ಹಳೇ ಕ್ಷೇತ್ರದಲ್ಲಿ ಕನ್ಸರ್ವೇಟಿವ್ ನಾಯಕ ಇಚಿರೊ ಹತೊಯಾಮಾ, ಕಮ್ಯುನಿಸ್ಟ್ ಸಾನ್ಜೊ ನೊಸಾಕಾ, ಸೋಷಿಯಲಿಸ್ಟ್ ಇನೆಜಿರೊ ಅಸಾನುಮಾ ಎಲ್ಲರೂ ಗೆದ್ದಿದ್ದಾರೆ. ಒಂದೇ ಊರು ಬಲಕ್ಕೂ ಎಡಕ್ಕೂ ಜಾಗ ಕೊಟ್ಟಿತ್ತು.

ಅಸಾನುಮಾ ಕಥೆ ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅವರು ಸೋಷಿಯಲಿಸ್ಟ್ ಪಕ್ಷದ ಅಧ್ಯಕ್ಷರು. 1960ರ ಅಕ್ಟೋಬರ್ 12ರಂದು ಹಿಬಿಯಾ ಸಭಾಂಗಣದಲ್ಲಿ ಮೂರು ಪಕ್ಷಗಳ ನಾಯಕರ ಭಾಷಣ ಇತ್ತು. ಆ ಸಭಾಂಗಣ ಇರೋದು ಚಿಯೊಡಾ ವಾರ್ಡಿನಲ್ಲಿ, ಅಂದರೆ ಅವರದೇ ಕ್ಷೇತ್ರದಲ್ಲಿ. ಅವರು ಮಾತಾಡುತ್ತಿದ್ದಾಗಲೇ ಹದಿನೇಳು ವರ್ಷದ ಒಬ್ಬ ಬಲಪಂಥೀಯ ಹುಡುಗ ವೇದಿಕೆಗೆ ನುಗ್ಗಿ ಕತ್ತಿಯಿಂದ ಇರಿದು ಕೊಂದ. ಮುಂದಿನ ತಿಂಗಳೇ ಸಾರ್ವತ್ರಿಕ ಚುನಾವಣೆ. ಅವರ ಹೆಂಡತಿ ಕ್ಯೊಕೊ ಅಸಾನುಮಾ ಅದೇ ಟೋಕಿಯೊ 1ರಿಂದ ನಿಂತು ಗೆದ್ದರು.

ಹಳೇ ಪದ್ಧತಿ ಹೋಗಿದ್ದು ಯಾಕೆ ಅಂತಲೂ ಹೇಳಿಬಿಡುತ್ತೇನೆ. ಒಂದೇ ಕ್ಷೇತ್ರದಲ್ಲಿ ಒಂದೇ ಪಕ್ಷದ ಇಬ್ಬರು ಮೂವರು ಪರಸ್ಪರ ಎದುರಾಗಿ ನಿಲ್ಲಬೇಕಿತ್ತು. ಪಕ್ಷ ಒಂದೇ ಆದ ಮೇಲೆ ನೀತಿಯಲ್ಲಿ ವ್ಯತ್ಯಾಸ ತೋರಿಸೋದು ಹೇಗೆ? ಹಣ, ಉಡುಗೊರೆ, ಮದುವೆ ಮುಂಜಿಗೆ ಹೋಗಿ ಬರೋದು, ಇದೇ ರಾಜಕೀಯ ಆಯಿತು. ರಿಕ್ರೂಟ್, ಸಗಾವಾ ಎಂಬ ಕಂಪನಿಗಳ ಲಂಚದ ಹಗರಣಗಳು ಬಂದ ಮೇಲೆ ಜನರ ಸಿಟ್ಟು ಮಿತಿಮೀರಿತು. 1993ರಲ್ಲಿ ಆಳುವ ಪಕ್ಷ ಅಧಿಕಾರ ಕಳೆದುಕೊಂಡಿತು. ಮುಂದಿನ ವರ್ಷ ಹೊಸೊಕಾವಾ ಸರ್ಕಾರದ ಕಾಲದಲ್ಲಿ ಹೊಸ ಪದ್ಧತಿಯ ಕಾನೂನು ಪಾಸಾಯಿತು.

ಯೊಸಾನೊ ಈ ಹಳೇ ಟೋಕಿಯೊ 1ರಿಂದಲೇ 1976ರಲ್ಲಿ ಮೊದಲ ಸಲ ಗೆದ್ದವರು. ಕವಿ ದಂಪತಿ ಅಕಿಕೊ ಮತ್ತು ತೆಕ್ಕಾನ್ ಯೊಸಾನೊ ಅವರ ಮೊಮ್ಮಗ. ಕೈಯೆಡಾ ಟಿವಿಯಲ್ಲಿ ಹಣಕಾಸಿನ ವಿಷಯ ಹೇಳುತ್ತಿದ್ದವರು. 1993ರಲ್ಲಿ ಹಳೇ ಟೋಕಿಯೊ 4ರಿಂದ ಮೊದಲ ಸಲ ಬಂದರು.

ಅಂಕಿಸಂಖ್ಯೆ:

ಟೋಕಿಯೊ 1 ದೇಶದ ಗಾಳಿ ಎತ್ತ ಬೀಸುತ್ತದೋ ಅತ್ತ ತಿರುಗುತ್ತದೆ ಎಂದು ಹೇಳುವವರಿದ್ದಾರೆ. ಹತ್ತು ಚುನಾವಣೆಗಳನ್ನೂ ಇಟ್ಟು ನೋಡೋಣ. 1996, 2005, 2009, 2012, 2014, 2021ರಲ್ಲಿ ಇಲ್ಲಿ ಗೆದ್ದವರ ಪಕ್ಷವೇ ಸರ್ಕಾರ ಮಾಡಿತು. 2000, 2003, 2017, 2024ರಲ್ಲಿ ವಿರೋಧ ಪಕ್ಷದ ಕೈಯೆಡಾ ಗೆದ್ದರು. ಆರು ಹೌದು, ನಾಲ್ಕು ಅಲ್ಲ. ದಿಕ್ಸೂಚಿ ಅನ್ನೋಕೆ ಇದು ಸಾಲದು.

ಗಾಳಿ ಜೋರಾಗಿದ್ದಾಗ ಮಾತ್ರ ಈ ಕ್ಷೇತ್ರ ಅದರ ಜೊತೆ ಹೋಗುತ್ತದೆ. 2005ರಲ್ಲಿ ಪ್ರಧಾನಿ ಕೊಯಿಜುಮಿ ಅಂಚೆ ಇಲಾಖೆಯ ಖಾಸಗೀಕರಣ ಮುಂದಿಟ್ಟುಕೊಂಡು ಸಂಸತ್ತು ವಿಸರ್ಜಿಸಿದರು. ಟೋಕಿಯೊದ 25 ಕ್ಷೇತ್ರಗಳಲ್ಲಿ ಡೆಮಾಕ್ರಟಿಕ್ ಪಕ್ಷ ಗೆದ್ದಿದ್ದು ಒಂದೇ, ಅದು ನವೊತೊ ಕಾನ್ ಅವರ 18ನೇ ಕ್ಷೇತ್ರ. ಆ ವರ್ಷ ಆಳುವ ಪಕ್ಷಕ್ಕೆ ಎಷ್ಟು ಮತ ಬಂತೆಂದರೆ, ಟೋಕಿಯೊ ಪಟ್ಟಿಯಲ್ಲಿ ಸೀಟು ತುಂಬಲು ಹೆಸರುಗಳೇ ಸಾಲಲಿಲ್ಲ. ಅವರ ಅಭ್ಯರ್ಥಿಗಳು ಹೆಚ್ಚುಕಡಿಮೆ ಎಲ್ಲರೂ ಕ್ಷೇತ್ರದಲ್ಲೇ ಗೆದ್ದುಬಿಟ್ಟಿದ್ದರು. ಉಳಿದ ಒಂದು ಸೀಟು ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ನೊಬುತೊ ಹೊಸಾಕಾ ಪಾಲಾಯಿತು!

2009ರಲ್ಲಿ ಗಾಳಿ ಪೂರ್ತಿ ತಿರುಗಿತು. ಆಗ ಯೊಸಾನೊ ಹಣಕಾಸು ಸಚಿವರು. ಹಿಂದಿನ ವರ್ಷ ಪಕ್ಷದ ಅಧ್ಯಕ್ಷ ಸ್ಥಾನದ ಸ್ಪರ್ಧೆಯಲ್ಲಿ, ಗೆದ್ದು ಪ್ರಧಾನಿಯಾದ ಅಸೊ ನಂತರ ಎರಡನೆಯವರಾಗಿ ಬಂದಿದ್ದವರು. ಅಂಥವರೇ 1,30,030 ಮತ ಪಡೆದು, 1,41,742 ಮತ ಪಡೆದ ಕೈಯೆಡಾ ಎದುರು ಸೋತರು.

ಪೇಡಾನಗರಿ:

ಸೋತು ಪಟ್ಟಿಯಿಂದ ಬಂದ ಆ ಯೊಸಾನೊ ಮುಂದೆ ಏನು ಮಾಡಿದರು, ಅದನ್ನೂ ಹೇಳಿ. ನನ್ನ ವಾದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಮತಪೆಟ್ಟಿಗೆ:

ಹೇಳುತ್ತೇನೆ. ನನಗೂ ಈ ಇಡೀ ಕಥೆಯಲ್ಲಿ ಜೀರ್ಣಿಸಿಕೊಳ್ಳಲು ಕಷ್ಟವಾದ ಭಾಗ ಅದೇ.

2010ರ ಏಪ್ರಿಲಿನಲ್ಲಿ ಯೊಸಾನೊ ತಮ್ಮ ಪಕ್ಷ ಬಿಟ್ಟು, ಹಿರಾನುಮಾ ಎಂಬ ರಾಜಕಾರಣಿಯ ಜೊತೆ ಸೇರಿ ಹೊಸ ಪಕ್ಷ ಕಟ್ಟಿದರು. ಪಟ್ಟಿಯಿಂದ ಆರಿಸಿ ಬಂದವರು, ಆ ಚುನಾವಣೆಯಲ್ಲಿ ಸ್ಪರ್ಧಿಸಿದ್ದ ಬೇರೆ ಪಕ್ಷಕ್ಕೆ ಹಾರಿದರೆ ಸೀಟು ಹೋಗುತ್ತದೆ, ಆ ನಿಯಮ 2000ದಲ್ಲೇ ಬಂದಿದೆ. ಆದರೆ ಚುನಾವಣೆ ಆದಮೇಲೆ ಹುಟ್ಟಿದ ಪಕ್ಷಕ್ಕೆ ಹೋಗಬಹುದು, ಸ್ವತಂತ್ರರಾಗಿಯೂ ಇರಬಹುದು. ಹಾಗಾಗಿ ಅವರ ಸೀಟು ಉಳಿಯಿತು.

2011ರ ಜನವರಿಯಲ್ಲಿ ಅವರು ಆ ಹೊಸ ಪಕ್ಷವನ್ನೂ ಬಿಟ್ಟರು. ಸ್ವತಂತ್ರರಾಗಿ ಪ್ರಧಾನಿ ಕಾನ್ ಅವರ ಡೆಮಾಕ್ರಟಿಕ್ ಸಂಪುಟ ಸೇರಿದರು. ಸಿಕ್ಕಿದ ಖಾತೆ ಆರ್ಥಿಕ ಮತ್ತು ವಿತ್ತೀಯ ನೀತಿ. ಆ ಕುರ್ಚಿಯಲ್ಲಿ ಅಲ್ಲಿಯವರೆಗೆ ಕೂತಿದ್ದವರು ಯಾರು ಗೊತ್ತಾ? ಕೈಯೆಡಾ! ಹದಿನೈದು ವರ್ಷ ಎದುರಾಳಿಯಾಗಿದ್ದವರಿಗೆ ಜಾಗ ಬಿಟ್ಟುಕೊಟ್ಟು ಅವರು ಆರ್ಥಿಕತೆ, ವ್ಯಾಪಾರ ಮತ್ತು ಕೈಗಾರಿಕೆ ಖಾತೆಗೆ ಹೋಗಬೇಕಾಯಿತು. ಬದುಕು ನ್ಯಾಯಕ್ಕೂ ತರ್ಕಕ್ಕೂ ಸಿಗುವಂಥದ್ದಲ್ಲ ಎಂಬ ಅರ್ಥದ ಮಾತನ್ನು ಅವರು ಅವತ್ತು ಹೇಳಿದ್ದು ಜಪಾನಿನಲ್ಲಿ ಈಗಲೂ ನೆನಪಿದೆ.

ಆಮೇಲೆ ಎರಡೇ ತಿಂಗಳಿಗೆ ಫುಕುಶಿಮಾ ಪರಮಾಣು ದುರಂತ. ಪರಮಾಣು ಸುರಕ್ಷತೆಯ ಸಂಸ್ಥೆ ಕೈಯೆಡಾ ಅವರ ಹೊಸ ಖಾತೆಯ ಕೆಳಗೇ ಇತ್ತು. ಜುಲೈನಲ್ಲಿ ಸಂಸತ್ತಿನ ಪ್ರಶ್ನೋತ್ತರದ ನಡುವೆ ಅವರು ಅತ್ತರು. ಆಗಸ್ಟಿನಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು ಮೊದಲ ಸುತ್ತಿನಲ್ಲಿ 143 ಮತದೊಂದಿಗೆ ಎಲ್ಲರಿಗಿಂತ ಮುಂದಿದ್ದರು. ಎರಡನೇ ಸುತ್ತಿನಲ್ಲಿ ನೊಡಾಗೆ 215, ಇವರಿಗೆ 177. ಪ್ರಧಾನಿ ಪಟ್ಟ ಕೈತಪ್ಪಿತು.

ಯೊಸಾನೊ ಗಂಟಲಿನ ಕ್ಯಾನ್ಸರಿನಿಂದ ಧ್ವನಿ ಕಳೆದುಕೊಂಡರು. 2012ರಲ್ಲಿ ನಿಲ್ಲಲಿಲ್ಲ. 2017ರ ಮೇ ತಿಂಗಳಲ್ಲಿ ತೀರಿಕೊಂಡರು.

ಪೇಡಾನಗರಿ:

ನೋಡಿ, ಅದೇ ನಾನು ಹೇಳೋದು. ಆ ಸೀಟು ಅವರ ಸ್ವಂತದ್ದಲ್ಲ. ಟೋಕಿಯೊ 1ರ ಜನ ಅವರನ್ನು ಸೋಲಿಸಿದ್ದರು. ಸೀಟು ಬಂದಿದ್ದು ಪಕ್ಷಕ್ಕೆ ಬಿದ್ದ ಮತಗಳಿಂದ. ಪಕ್ಷ ಬಿಟ್ಟ ದಿನವೇ ಅದನ್ನು ವಾಪಸ್ ಕೊಡಬೇಕಿತ್ತು. ಅವರ ಹಳೇ ಪಕ್ಷದವರು ಸಿಟ್ಟಾಗಿದ್ದರಲ್ಲಿ ತಪ್ಪೇನೂ ಇಲ್ಲ.

ಹಳೇಕಡತ:

ಈ ಒಂದು ವಿಷಯದಲ್ಲಿ ನಿಮ್ಮ ಜೊತೆ ಇದ್ದೇನೆ. ಪಟ್ಟಿಯ ಪದ್ಧತಿ ಇರಲಿ, ಆದರೆ ಪಟ್ಟಿಯಿಂದ ಬಂದವರು ಪಕ್ಷ ಬಿಟ್ಟರೆ ಸೀಟೂ ಬಿಡಬೇಕು. ಯಾವ ಪಕ್ಷಕ್ಕೆ ಹೋದರು ಅನ್ನೋದು ಮುಖ್ಯ ಆಗಬಾರದು.

ಕಾಫಿತೋಟ:

2014ರಲ್ಲಿ ಕೈಯೆಡಾ ವಿರೋಧ ಪಕ್ಷದ ನಾಯಕರಾಗಿದ್ದೂ ಪಟ್ಟಿಯಿಂದ ಬಚಾವಾಗಲಿಲ್ಲವೇ?

ಅಂಕಿಸಂಖ್ಯೆ:

ಇಲ್ಲ. ಯಮಡಾ ಎದುರಿನ ಅಂತರ ಆ ಸಲ ದೊಡ್ಡದಿತ್ತು. ಪಕ್ಷದ ನಾಯಕ ಅಂತ ಪಟ್ಟಿಯಲ್ಲಿ ವಿನಾಯಿತಿ ಸಿಗಲಿಲ್ಲ. ಅದೇ ರಾತ್ರಿ ಮಾಜಿ ಪ್ರಧಾನಿ ಕಾನ್ ಕೂಡ ತಮ್ಮ ಕ್ಷೇತ್ರದಲ್ಲಿ ಸೋತಿದ್ದರು. ಇಬ್ಬರೂ ಒಂದೇ ಪಕ್ಷ, ಒಂದೇ ಟೋಕಿಯೊ ಪಟ್ಟಿ. ಕಾನ್ ಅವರ ಶೇಕಡಾ ಜಾಸ್ತಿ ಇತ್ತು, ಅವರು ಒಳಗೆ ಬಂದರು. ಇಡೀ ದೇಶದ 475 ಸೀಟುಗಳಲ್ಲಿ ಕೊನೆಗೆ ಘೋಷಣೆಯಾಗಿದ್ದು ಅವರದೇ. ಕೈಯೆಡಾ ಹೊರಗೆ ಉಳಿದರು, ನಾಯಕತ್ವಕ್ಕೂ ರಾಜೀನಾಮೆ ಕೊಟ್ಟರು.

ಯಮಡಾ ಬಗ್ಗೆಯೂ ಎರಡು ಮಾತು ಬೇಕು. ಅವರು ಬರೀ ಗಾಳಿಯಲ್ಲಿ ತೂರಿಕೊಂಡು ಬಂದವರಲ್ಲ. ಕೈಗಾರಿಕಾ ಸಚಿವಾಲಯದಲ್ಲಿ ಅಧಿಕಾರಿಯಾಗಿದ್ದರು, ಆಮೇಲೆ ಸಲಹಾ ಕಂಪನಿಯಲ್ಲಿ, ಎರ್ಮೆಸ್‌ನ ಜಪಾನ್ ಶಾಖೆಯಲ್ಲಿ ಕೆಲಸ ಮಾಡಿದರು. 2012ರಲ್ಲಿ ಒಂಬತ್ತು ಅಭ್ಯರ್ಥಿಗಳ ನಡುವೆ ಮೊದಲ ಪ್ರಯತ್ನದಲ್ಲೇ ಗೆದ್ದರು. 2017ರಲ್ಲಿ ಸುಮಾರು ಮೂರು ಸಾವಿರ ಮತಗಳಿಂದ ಸೋತಾಗ ಅವರನ್ನೂ ಪಟ್ಟಿಯೇ ಉಳಿಸಿತು.

ಗಡಿರೇಖೆ:

ಕ್ಷೇತ್ರದ ಗಡಿ ಬದಲಾಗಿದ್ದನ್ನು ಯಾರೂ ಹೇಳಲಿಲ್ಲ. 2017ರಲ್ಲಿ ಮಿನಾಟೊ ಮತ್ತು ಶಿಂಜುಕುವಿನ ಕೆಲವು ಭಾಗ ಪಕ್ಕದ ಕ್ಷೇತ್ರಗಳಿಗೆ ಹೋದವು. 2022ರ ಮರುವಿಂಗಡಣೆಯಲ್ಲಿ ಮಿನಾಟೊ ಪೂರ್ತಿ 7ನೇ ಕ್ಷೇತ್ರಕ್ಕೆ, ಶಿಬುಯಾ ಜೊತೆ ಸೇರಿತು. ರೊಪ್ಪೊಂಗಿ, ಅಜಾಬು, ಅಕಾಸಾಕಾ ಎಲ್ಲಾ ಆ ಕಡೆ. ಈಗ ಟೋಕಿಯೊ 1 ಅಂದರೆ ಚಿಯೊಡಾ ಮತ್ತು ಇಡೀ ಶಿಂಜುಕು.

ಕಾರಣ ಮತದ ಬೆಲೆ. ಟೋಕಿಯೊದ ಒಂದು ಮತಕ್ಕೆ ಹಳ್ಳಿ ಕಡೆಯ ಮತಕ್ಕಿಂತ ಬೆಲೆ ಕಡಿಮೆ ಅಂತ ಜನ ದಶಕಗಳಿಂದ ಕೋರ್ಟಿಗೆ ಹೋಗುತ್ತಿದ್ದಾರೆ. 1972ರ ಚುನಾವಣೆಯಲ್ಲಿ ಅಂತರ ಹೆಚ್ಚುಕಡಿಮೆ ಐದು ಪಟ್ಟು ಇತ್ತು. 1976ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ವಿರುದ್ಧ ಅಂದಿತು. 2009ರಲ್ಲಿ ಅಂತರ 2.3 ಪಟ್ಟು ಇದ್ದಿದ್ದಕ್ಕೂ 2011ರಲ್ಲಿ ಕೋರ್ಟ್ ಎಚ್ಚರಿಸಿತು. ಕೊನೆಗೆ 2022ರಲ್ಲಿ ಜನಸಂಖ್ಯೆಯ ಹೊಸ ಸೂತ್ರದ ಪ್ರಕಾರ ಟೋಕಿಯೊದ ಕ್ಷೇತ್ರಗಳು 25ರಿಂದ 30ಕ್ಕೆ ಏರಿದವು. ಹತ್ತು ಪ್ರಾಂತ್ಯಗಳು ತಲಾ ಒಂದು ಸೀಟು ಕಳೆದುಕೊಂಡವು. ಮಾಜಿ ಪ್ರಧಾನಿ ಅಬೆಯ ಯಮಗುಚಿ ಕೂಡ ಅದರಲ್ಲಿ ಸೇರಿತ್ತು.

1971ರ ಜನಗಣತಿಯ ಮೇಲೆ ನಮ್ಮ 28 ಲೋಕಸಭಾ ಸೀಟು ನಿಂತಿರುವಾಗ ಇದನ್ನು ಓದೋದು ಬೇರೆಯೇ ಅನುಭವ. ಅಲ್ಲೂ ಸೀಟು ಕಳೆದುಕೊಂಡವರ ನೋವು ಚಿಕ್ಕದಲ್ಲ.

ನಿಶಿಕಸಾಯಿ ನಿವಾಸಿ:

ಗಡಿಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ಚಿಯೊಡಾದಲ್ಲಿ ಹಗಲು ಎಂಟು ಲಕ್ಷಕ್ಕೂ ಮೀರಿ ಜನ ಇರುತ್ತಾರೆ. ರಾತ್ರಿ ಅಲ್ಲೇ ಉಳಿಯೋರು ಎಪ್ಪತ್ತು ಸಾವಿರದ ಒಳಗೆ. ಅರಮನೆಯಲ್ಲಿ ಇರುವವರೂ ಈ ಕ್ಷೇತ್ರದ ನಿವಾಸಿಗಳೇ, ಆದರೆ ರಾಜಮನೆತನದವರು ಮತ ಹಾಕೋದಿಲ್ಲ. ಶಿಂಜುಕುವಿನಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ವಿದೇಶಿಯರು, ಅವರಿಗೂ ಮತ ಇಲ್ಲ. ಹಗಲು ಈ ಬೀದಿಗಳಲ್ಲಿ ಸಿಗುವ ಜನರಲ್ಲಿ ಟೋಕಿಯೊ 1ರ ಮತದಾರರು ಸಿಗೋದೇ ಅಪರೂಪ.

ಕಾಫಿತೋಟ:

2024ರಲ್ಲಿ ಏನಾಯ್ತು? ಕೈಯೆಡಾಗೆ ಆಗ ಎಪ್ಪತ್ತೈದು ವರ್ಷ ಅಲ್ವಾ?

ಅಂಕಿಸಂಖ್ಯೆ:

ಹೌದು, 1949ರಲ್ಲಿ ಹುಟ್ಟಿದವರು. 2024ರ ಅಕ್ಟೋಬರ್ ಚುನಾವಣೆಗೆ ಮೊದಲು ಆಳುವ ಪಕ್ಷದ ಬಣಗಳ ಹಣದ ಹಗರಣ ಬಯಲಾಗಿತ್ತು. ನಿಧಿ ಸಂಗ್ರಹದ ಔತಣಕೂಟಗಳಿಂದ ಬಂದ ಹಣವನ್ನು ಸಂಸದರಿಗೆ ವಾಪಸ್ ಕೊಟ್ಟು, ಲೆಕ್ಕದ ಪುಸ್ತಕದಲ್ಲಿ ತೋರಿಸದೇ ಇದ್ದದ್ದು. ಯಮಡಾ ಅಬೆ ಬಣದವರು, ಲೆಕ್ಕ ತೋರಿಸದವರ ಪಟ್ಟಿಯಲ್ಲಿ ಅವರ ಹೆಸರೂ ಇತ್ತು. ಆಗಿನ ಪ್ರಧಾನಿ ಇಶಿಬಾ ಅಂಥವರಿಗೆ ಪಕ್ಷದ ಪಟ್ಟಿಯಲ್ಲಿ ಜಾಗ ಕೊಡಲಿಲ್ಲ. ಟಿಕೆಟ್ ಸಿಕ್ಕವರು ಕ್ಷೇತ್ರದಲ್ಲಿ ಗೆಲ್ಲಲೇಬೇಕು, ಸೋತರೆ ಮನೆಗೆ.

ಇಶಿನ್ ಪಕ್ಷದಿಂದ ಶುನ್ ಒತೊಕಿತಾ ಮೇಲ್ಮನೆ ಸದಸ್ಯತ್ವ ಬಿಟ್ಟು ಇಲ್ಲಿಗೆ ಬಂದು ನಿಂತರು. ಕೈಯೆಡಾ ಗೆದ್ದರು. ಒತೊಕಿತಾ ಸೋತರು. ಯಮಡಾ ಈ ಸಲ ಪೂರ್ತಿ ಹೊರಗೆ.

ಪೇಡಾನಗರಿ:

2024ರ ಟೋಕಿಯೊ 1 ನನಗೆ ಸರಿ ಕಾಣುತ್ತದೆ. ಯಮಡಾ ಸೋತರು, ಹೊರಗೆ ಹೋದರು. ಹಗರಣ ಇರಲಿ ಬಿಡಲಿ, ಎಲ್ಲರಿಗೂ ಇದೇ ನಿಯಮ ಇರಬೇಕಿತ್ತು.

ಮತಪೆಟ್ಟಿಗೆ:

ಹಾಗೆ ಇದ್ದಿದ್ದರೆ 1996ರಲ್ಲೇ ಕೈಯೆಡಾ ಹೊರಗೆ ಹೋಗುತ್ತಿದ್ದರು, ಆಗಲೂ ಅವರನ್ನು ಉಳಿಸಿದ್ದು ಪಟ್ಟಿಯೇ. ಅವರ ಐದು ಸೋಲುಗಳಲ್ಲಿ ಮೂರು ಸಲ, 1996, 2012, 2021ರಲ್ಲಿ, ಪಟ್ಟಿ ಕೈಹಿಡಿಯಿತು. 2005, 2014ರಲ್ಲಿ ಕೈಬಿಟ್ಟಿತು. ಆದರೆ ಕೈಬಿಟ್ಟ ಎರಡೂ ಸಲ ಅವರು ಸಂಸದರಲ್ಲದೆಯೇ ಕ್ಷೇತ್ರದಲ್ಲಿ ಉಳಿದುಕೊಂಡು, ಮುಂದಿನ ಚುನಾವಣೆಯಲ್ಲಿ ನೇರವಾಗಿ ಗೆದ್ದು ಬಂದರು. ಹಾಗಾಗಿ ಪಟ್ಟಿಯೊಂದೇ ಅವರನ್ನು ಉಳಿಸಿತು ಅನ್ನೋದನ್ನು ನಾನು ಒಪ್ಪಲಾರೆ.

ಪೇಡಾನಗರಿ:

ಅದನ್ನು ಒಪ್ಪುತ್ತೇನೆ. ಮುಂದಿನ ಚರ್ಚೆಗೆ ಟೋಕಿಯೊ 18 ತೆಗೆದುಕೊಳ್ಳೋಣವೇ? ನವೊತೊ ಕಾನ್ ಮತ್ತು ಮುಸಾಶಿನೊದ ಮಾಜಿ ಮೇಯರ್ ಮಸತಾದಾ ಸುಚಿಯಾ ಅವರ ಜಗಳವೂ ಇಷ್ಟೇ ಜೋರಾಗಿತ್ತು. 2005, 2009ರಲ್ಲಿ ಕಾನ್, 2012, 2014ರಲ್ಲಿ ಸುಚಿಯಾ, 2017ರಲ್ಲಿ ಸುಮಾರು ಒಂದು ಸಾವಿರ ಮತದಿಂದ ಮತ್ತೆ ಕಾನ್. ಅದನ್ನು ನಾನೇ ಶುರು ಮಾಡುತ್ತೇನೆ.